ಹಳಿ ಮೇಲೆ ಸುಟ್ಟ ಗುಳಿ ಕಂಡರೆ ಏನು ಮಾಡಬೇಕು?

ಪದೇ ಪದೇ ಬರುವ ಪ್ರಶ್ನೆ ಇದು. ಹೊಸದಾಗಿ ಟ್ರ್ಯಾಕ್ ಕೆಲಸಕ್ಕೆ ಸೇರಿದ ಹುಡುಗರು ಫೋಟೋ ಕಳಿಸುತ್ತಾರೆ. ಹಳಿಯ ನೆತ್ತಿ ಮೇಲೆ ಬೆರಳುದ್ದದ ಒಂದು ಗುಳಿ, ಅಂಚಿನಲ್ಲಿ ನೀಲಿ ಛಾಯೆ. "ಸರ್, ಇದನ್ನು ವರದಿ ಮಾಡಬೇಕಾ, ಸುಮ್ನೆ ಬಿಡಬಹುದಾ?" ಅಸಿಸ್ಟೆಂಟ್ ಲೋಕೋ ಪೈಲಟ್‌ಗಳು ಅದನ್ನೇ ಇನ್ನೊಂದು ತುದಿಯಿಂದ ಕೇಳುತ್ತಾರೆ. "ಘಾಟಿಯಲ್ಲಿ ಇಂಜಿನ್ ಗಾಲಿ ಜಾರಿತು, ಸ್ವಲ್ಪ ಹೊತ್ತು ಅಷ್ಟೇ, ಹಳಿಗೆ ಏನಾದರೂ ಆಗಿರುತ್ತದಾ?" ಇನ್ನು ರೈಲು ಹುಚ್ಚಿನ ಗೆಳೆಯರು, ಹಳಿಯೇ ಕರಗಿ ಅರ್ಧಚಂದ್ರದ ಆಕಾರಕ್ಕೆ ಕೊರೆದು ಹೋದ ಫೋಟೋ ತೋರಿಸಿ ಇದು ನಿಜವಾ ಅಂತ ಕೇಳುತ್ತಾರೆ.

ನಿಜ. ಹಾಗೂ ಆಗುತ್ತದೆ. ಆದರೆ ಅಂಥ ದೊಡ್ಡ ಗುಂಡಿ ಯಾರ ಕಣ್ಣಿಗೂ ತಪ್ಪುವುದಿಲ್ಲ, ಹಾಗಾಗಿ ಅದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಎರಡು ಮಿಲಿಮೀಟರ್ ಆಳದ, ನೋಡಲು ಏನೂ ಅಲ್ಲ ಅನಿಸುವ ಗುಳಿ ಇದೆಯಲ್ಲ, ಈ ಬರಹ ಅದರ ಬಗ್ಗೆ.

ಇದಕ್ಕೆ ಇಲಾಖೆಯಲ್ಲಿ ವೀಲ್ ಬರ್ನ್ ಅನ್ನುತ್ತಾರೆ. ಇಂಜಿನ್ನಿನ ಗಾಲಿ ಮುಂದೆ ಹೋಗದೆ ನಿಂತಲ್ಲೇ ಗಿರಗಿರ ತಿರುಗಿದಾಗ ಹಳಿ ಸುಟ್ಟು ಆಗುವ ಗಾಯ ಅದು. ಕೀಮನ್ (ದಿನಾ ಹಳಿ ಉದ್ದಕ್ಕೂ ನಡೆದು ನೋಡುವವರು), ಟ್ರ್ಯಾಕ್‌ಮನ್, ಹೊಸ ಜೆಇ, ಅಂದರೆ ಜೂನಿಯರ್ ಇಂಜಿನಿಯರ್‌ಗಳಿಗೆ ಅಂತಲೇ ಬರೆದಿದ್ದೇನೆ. ಇಂಜಿನ್ ಓಡಿಸುವವರಿಗೆ ಬೇಕಾದದ್ದು ಎಂಟನೇ ಹಂತದಲ್ಲಿದೆ. ರೈಲ್ವೆಯವರಲ್ಲದವರು ಓದಿ ತಿಳಿದುಕೊಳ್ಳಿ, ಆದರೆ ಹಳಿ ಮೇಲೆ ಇಳಿದು ಪರೀಕ್ಷೆ ಮಾಡಲು ಹೋಗಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಹಳಿ ಮೇಲೆ ಓಡಾಡಿದರೆ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಿಮ್ಮ ಊರ ಗೇಟಿನ ಹತ್ತಿರ ಏನಾದರೂ ಕಂಡರೆ ಗೇಟ್‌ಮನ್‌ಗೆ ಹೇಳಿ, ಅಥವಾ 139ಕ್ಕೆ ಫೋನ್ ಮಾಡಿ.

ಮೊದಲು, ಒಳಗೆ ಏನಾಗಿರುತ್ತದೆ

ಇದು ಅರ್ಥವಾಗದೆ ಮುಂದಿನ ಹಂತ ಯಾವುದೂ ಅರ್ಥವಾಗುವುದಿಲ್ಲ, ಹಾಗಾಗಿ ಎರಡು ನಿಮಿಷ ಇಲ್ಲಿ ನಿಲ್ಲಿ.

ಈಗಿನ ಒಂದು ದೊಡ್ಡ ಗೂಡ್ಸ್ ಇಂಜಿನ್, ಉದಾಹರಣೆಗೆ ಡಬ್ಲ್ಯುಎಜಿ-9ಎಚ್, 132 ಟನ್ ತೂಗುತ್ತದೆ. ಆರು ಆಕ್ಸಲ್, ಹನ್ನೆರಡು ಗಾಲಿ, ಒಂದೊಂದು ಗಾಲಿ ಮೇಲೆ 11 ಟನ್. ಆ 11 ಟನ್ ಹಳಿಗೆ ತಾಗುವ ಜಾಗ ಎಷ್ಟು ಗೊತ್ತಾ? ನಿಮ್ಮ ಕಿರುಬೆರಳಿನ ಉಗುರಿನಷ್ಟು. ಗಾಲಿ ಉರುಳುತ್ತಿದ್ದರೆ ತೊಂದರೆ ಇಲ್ಲ, ಆ ಜಾಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಿಂತಲ್ಲೇ ತಿರುಗಿದರೆ ಮಾತ್ರ ಕಥೆ ಬೇರೆ. ಹಳಿ ಒದ್ದೆಯಿದ್ದು ಘರ್ಷಣೆ ತೂಕದ ಐದನೇ ಒಂದು ಭಾಗ ಮಾತ್ರ ಅಂದುಕೊಂಡರೂ, ಗಾಲಿಯ ಅಂಚು ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗುತ್ತಿದ್ದರೆ, 100 ಕಿಲೋವ್ಯಾಟ್‌ಗೂ ಜಾಸ್ತಿ ಶಾಖ ಒಂದೇ ಗಾಲಿಯ ಕೆಳಗೆ ಹುಟ್ಟುತ್ತದೆ. ಉಗುರಿನಷ್ಟು ಜಾಗದಲ್ಲಿ!

ಉಕ್ಕು 730 ಡಿಗ್ರಿ ಸೆಲ್ಸಿಯಸ್ ಆಚೀಚೆ ದಾಟಿದಾಗ ಅದರ ಒಳಗಿನ ಜೋಡಣೆಯೇ ಬದಲಾಗುತ್ತದೆ. ಆಮೇಲೆ ಲೋಕೋ ಪೈಲಟ್ ನಾಚ್, ಅಂದರೆ ಇಂಜಿನ್ನಿನ ಶಕ್ತಿ ಏರಿಳಿಸುವ ಹಿಡಿಯ ಮೆಟ್ಟಿಲು, ಇಳಿಸುತ್ತಾರೆ, ಗಾಡಿ ಹೊರಡುತ್ತದೆ. ಕಾದ ಆ ಪದರ ತೆಳು, ಅದರ ಕೆಳಗಿರುವುದು ಮೀಟರಿಗೆ 60 ಕಿಲೋ ತೂಗುವ ತಣ್ಣನೆಯ ಉಕ್ಕಿನ ರಾಶಿ. ಅದು ಮೇಲಿನ ಶಾಖವನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ.

ಕಮ್ಮಾರ ಕುಡುಗೋಲು ಮಾಡುವುದನ್ನು ನೋಡಿದ್ದೀರಾ? ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ, ಚುಂಯ್ ಅನ್ನುತ್ತದೆ. ಅಲ್ಲಿಗೇ ಬಿಟ್ಟರೆ ಬಾಯಿ ಗಾಜಿನ ಹಾಗೆ ಗಟ್ಟಿ, ಒಂದು ಗೆಣ್ಣಿಗೆ ಹೊಡೆದರೆ ಚಕ್ಕೆ ಏಳುತ್ತದೆ. ಹಾಗಾಗಿ ಇನ್ನೊಮ್ಮೆ ಸಣ್ಣಗೆ ಬಿಸಿ ತೋರಿಸಿ ಹದ ಮಾಡುತ್ತಾನೆ. ಹಳಿಗೆ ಆಗಿರುವುದು ಮೊದಲ ಅರ್ಧ ಮಾತ್ರ. ಕಾಯಿಸಿ ಅದ್ದಿದ್ದಾಗಿದೆ, ಹದ ಮಾಡಿಲ್ಲ. ಈ ಹದ ತಪ್ಪಿದ ಗಟ್ಟಿ ಪದರಕ್ಕೆ ಮಾರ್ಟೆನ್ಸೈಟ್ ಅಂತ ಹೆಸರು. ಕೆಲವೊಮ್ಮೆ ಕೂದಲೆಳೆಯಷ್ಟು ತೆಳು, ಜೋರಾಗಿ ಉರಿದ ಕಡೆ ಕೆಲವು ಮಿಲಿಮೀಟರ್ ದಪ್ಪ.

ಅದರ ಮೇಲೆ ದಿನಕ್ಕೆ ಸಾವಿರಾರು ಗಾಲಿ ಹೋಗುತ್ತವೆ. ಪದರ ಬಾಗುವುದಿಲ್ಲ, ಸೀಳುತ್ತದೆ. ಆ ಸೀಳು ಅಲ್ಲೇ ನಿಂತು ಚಕ್ಕೆ ಎದ್ದು ಹೋದರೆ ಪುಣ್ಯ. ಕೆಳಕ್ಕೆ ತಿರುಗಿ ಹಳಿಯ ತಲೆಯೊಳಗೆ ಇಳಿದರೆ ಒಂದು ಚಳಿಗಾಲದ ಬೆಳಗಿನ ಜಾವ ಹಳಿ ತುಂಡಾಗುತ್ತದೆ. ಚಳಿಗಾಲದ ಬೆಳಗಿನ ಜಾವ ಅಂತ ಸುಮ್ನೆ ಹೇಳಿದ್ದಲ್ಲ. ಉದ್ದಕ್ಕೂ ಬೆಸೆದ ಹಳಿ ತಣ್ಣಗಾದಾಗ ಕುಗ್ಗಲು ನೋಡುತ್ತದೆ, ಕುಗ್ಗಲು ಜಾಗ ಇಲ್ಲ, ಮೈಯೆಲ್ಲ ಎಳೆತ. ಸಣ್ಣ ಸೀಳಿಗೂ ಅದು ಸಾಕು.

ಹಾಗಾಗಿ ಗುಳಿಯ ಆಳ ನೋಡಿ ಧೈರ್ಯ ತಂದುಕೊಳ್ಳಬೇಡಿ. ಅಪಾಯ ಇರುವುದು ಗುಳಿಯಲ್ಲಲ್ಲ, ಅದರ ತಳದ ಚರ್ಮದಲ್ಲಿ.

ಕೈಯಲ್ಲಿ ಏನಿರಬೇಕು

ನಿಮ್ಮ ಮಾಮೂಲಿ ಕೀಮನ್ ಸಾಮಾನು, ಅಂದರೆ ಕೆಂಪು ಬಾವುಟ, ಡಿಟೋನೇಟರ್, ಸುತ್ತಿಗೆ, ಸ್ಪ್ಯಾನರ್. ಅದರ ಜತೆ ಒಂದು ಮೀಟರ್ ಉದ್ದದ ಸ್ಟ್ರೈಟ್ ಎಡ್ಜ್, ಅಂದರೆ ಸೊಟ್ಟ ಇಲ್ಲದ ಉಕ್ಕಿನ ಪಟ್ಟಿ. ಸಂದಿ ಅಳೆಯುವ ಫೀಲರ್ ಗೇಜ್. ತಂತಿ ಬ್ರಷ್, ಹಳೆ ಬಟ್ಟೆ, ಬಣ್ಣದ ಸೀಮೆಸುಣ್ಣ, ಸಣ್ಣ ಕನ್ನಡಿ, ಟಾರ್ಚ್. ಮೊಬೈಲಿನಲ್ಲಿ ಫೋಟೋ ತೆಗೆಯುವುದು ಒಳ್ಳೆಯದೇ, ಆದರೆ ಹಳಿ ಬಿಟ್ಟು ಪಕ್ಕಕ್ಕೆ ಬಂದು ಫೋನ್ ನೋಡಿ.

1. ಮೊದಲು ನಿಮ್ಮ ಜೀವ

ಗುಳಿ ಕಂಡ ತಕ್ಷಣ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಬೇಡ. ಗುಳಿ ಬೀಳುವ ಜಾಗಗಳೇ ಅಂಥವು: ಏರು, ತಿರುವು, ಸುರಂಗದ ಬಾಯಿ. ಇಂಜಿನ್ ತಿಣುಕುವ ಕಡೆ ಎದುರು ದಿಕ್ಕಿನಿಂದ ಇಳಿಜಾರಿನಲ್ಲಿ ಬರುವ ಗಾಡಿಯ ಸದ್ದು ಕೇಳುವುದೇ ಇಲ್ಲ, ಅದರಲ್ಲೂ ಮಳೆಯಲ್ಲಿ. ಮುಂದಿನ ಗಾಡಿ ಯಾವುದು, ಎಷ್ಟು ಹೊತ್ತಿಗೆ, ಅಂತ ತಿಳಿದುಕೊಳ್ಳಿ. ಒಬ್ಬರು ನೋಡುವಾಗ ಇನ್ನೊಬ್ಬರು ನಿಂತು ಕಾಯಬೇಕು. ಒಬ್ಬರೇ ಇದ್ದರೆ ನಿಂತುಕೊಂಡೇ ನೋಡಿ, ಗುರುತು ಹಾಕಿ, ಅಳತೆ ಕೆಲಸ ಜನ ಬಂದ ಮೇಲೆ.

2. ಇದು ವೀಲ್ ಬರ್ನೇ ಹೌದಾ?

ಹಳಿ ಮೇಲೆ ಕಾಣುವ ಗಾಯ ಎಲ್ಲವೂ ಇದಲ್ಲ. ಒಂದನ್ನು ಇನ್ನೊಂದು ಅಂತ ಬರೆದರೆ ದುರಸ್ತಿಯೂ ತಪ್ಪುತ್ತದೆ.

ವೀಲ್ ಬರ್ನ್ ಅಂಡಾಕಾರವಾಗಿರುತ್ತದೆ, ಹಳಿಯ ಉದ್ದಕ್ಕೆ ಎಳೆದ ಹಾಗೆ. ತಾಜಾ ಇದ್ದರೆ ಅಂಚಿನಲ್ಲಿ ನೀಲಿ ಅಥವಾ ಕಂದು ಛಾಯೆ. ಕರಗಿ ಜರುಗಿದ ಲೋಹ ಒಂದು ಕಡೆ ತುಟಿಯ ಹಾಗೆ ಎದ್ದಿರಬಹುದು. ಹಳೆಯದಾದರೆ ಬಣ್ಣ ಹೋಗಿ ಗುಳಿ ಮಾತ್ರ ಉಳಿದಿರುತ್ತದೆ, ತಳದಲ್ಲಿ ಜೇಡರ ಬಲೆಯಂಥ ಸಣ್ಣ ಗೆರೆಗಳು.

ಬ್ರೇಕ್ ಹಿಡಿದು ಗಾಲಿ ತಿರುಗದೆ ಎಳೆದುಕೊಂಡು ಹೋದದ್ದು ಬೇರೆ. ಆಗ ಹಳಿ ಮೇಲೆ ಉದ್ದದ ಒರೆಸಿದ ಗುರುತು, ಜಾಸ್ತಿ ಪೆಟ್ಟು ಗಾಲಿಗೆ. ಗಾಲಿ ಒಂದು ಕಡೆ ಚಪ್ಪಟೆಯಾಗಿ ಊರಿಡೀ ಟಪ್ ಟಪ್ ಅಂತ ಬಡಿಯುತ್ತಾ ಹೋಗುತ್ತದೆ, ಕೇಳಿರುತ್ತೀರಿ. ಹಳಿಯ ನೆತ್ತಿಯಿಂದ ಲೋಹದ ಬಿಲ್ಲೆ ಕಿತ್ತು ಬಂದರೆ ಸ್ಕ್ಯಾಬಿಂಗ್ ಅನ್ನುತ್ತಾರೆ. ನೆತ್ತಿ ಮೇಲೆ ಕಪ್ಪು ಮಚ್ಚೆ, ಅದರೊಳಗೆ ಅರ್ಧಚಂದ್ರದ ಸೀಳು ಇದ್ದರೆ ಸ್ಕ್ವಾಟ್. ಅಲೆ ಅಲೆಯಾಗಿ ಸಾಲಾಗಿ ಇದ್ದರೆ ಕಾರುಗೇಶನ್, ತಗಡಿನ ಶೀಟಿನ ಹಾಗೆ, ಮೇಲೆ ಗಾಡಿ ಹೋದರೆ ಗೊರ್ರ್ ಅನ್ನುತ್ತದೆ.

ಎರಡರ ನಡುವೆ ಅನುಮಾನ ಬಂದರೆ ಬಣ್ಣ, ಆಕಾರ ಎಲ್ಲ ಬಿಟ್ಟುಬಿಡಿ. ಮುಂದಿನ ಹಂತವೇ ಪರೀಕ್ಷೆ.

3. ಜೋಡಿ ಹುಡುಕಿ

ಇಂಜಿನ್ನಿನ ಎರಡು ಗಾಲಿ ಒಂದೇ ಆಕ್ಸಲ್ಲಿಗೆ ಬಿಗಿದಿರುತ್ತವೆ. ಎಡಗಡೆಯದು ತಿರುಗಿದರೆ ಬಲಗಡೆಯದೂ ತಿರುಗಲೇಬೇಕು. ಆದ್ದರಿಂದ ಒಂದು ಹಳಿಯಲ್ಲಿ ಗುಳಿ ಇದ್ದರೆ, ಅದರ ನೇರ ಎದುರಿಗೆ ಇನ್ನೊಂದು ಹಳಿಯಲ್ಲೂ ಇರಬೇಕು. ತಿರುವಿನಲ್ಲಿ ಒಂದು ಕಡೆ ಜೋರು, ಇನ್ನೊಂದು ಕಡೆ ತೆಳು ಇರಬಹುದು. ಎದುರಿಗೆ ಬಟ್ಟೆಯಲ್ಲಿ ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ನೆತ್ತಿಯಿಂದ ನೇರ ಟಾರ್ಚ್ ಹೊಡೆದರೆ ಏನೂ ಕಾಣುವುದಿಲ್ಲ.

ಜೋಡಿ ಸಿಕ್ಕಿತಾ? ಅಲ್ಲಿಗೆ ನಿಲ್ಲಿಸಬೇಡಿ. ಈ ಆರು ಆಕ್ಸಲ್ ಇಂಜಿನ್‌ಗಳಲ್ಲಿ ಒಂದು ಬೋಗಿಗೆ (ಡಬ್ಬಿಯಲ್ಲ, ಇಂಜಿನ್ ಕೆಳಗಿನ ಗಾಲಿಗಳ ಚೌಕಟ್ಟು) ಮೂರು ಆಕ್ಸಲ್, ಆಕ್ಸಲ್ಲಿಂದ ಆಕ್ಸಲ್ಲಿಗೆ ಸುಮಾರು 2 ಮೀಟರ್ ಅಂತರ. ಒಂದು ಆಕ್ಸಲ್ ಜಾರಿದಾಗ ಪಕ್ಕದ್ದೂ ಜಾರಿರುವ ಸಾಧ್ಯತೆ ಜಾಸ್ತಿ. ಹಿಂದಕ್ಕೂ ಮುಂದಕ್ಕೂ 25 ಮೀಟರ್ ನಡೆಯಿರಿ. ಎರಡು ಇಂಜಿನ್ ಜೋಡಿಸಿದ್ದ ಗಾಡಿಯಾಗಿದ್ದರೆ 50 ಮೀಟರ್. ಸಾಮಾನ್ಯವಾಗಿ ಆಗುವ ತಪ್ಪು ಇದೇ: ಒಂದು ಗುಳಿ ನೋಡಿ, ಒಂದು ಗುಳಿ ಬರೆದು, ಒಂದು ಗುಳಿ ದುರಸ್ತಿ ಮಾಡಿ ಮನೆಗೆ ಹೋಗುವುದು. ಉಳಿದ ಐದು ಅಲ್ಲೇ ಕೂತಿರುತ್ತವೆ.

ಎಷ್ಟು ಹುಡುಕಿದರೂ ಜೋಡಿ ಸಿಗದಿದ್ದರೆ ಅದು ಬಹುಶಃ ಸ್ಕ್ವಾಟ್ ಅಥವಾ ಸ್ಕ್ಯಾಬಿಂಗ್. ಹಾಗಂತ ಹಗುರ ಅಲ್ಲ, ಹೆಸರು ಬೇರೆ ಅಷ್ಟೇ.

4. ಅಳೆಯಿರಿ, ಸೀಳು ಹುಡುಕಿ

ಸ್ಟ್ರೈಟ್ ಎಡ್ಜ್ ಅನ್ನು ಗುಳಿ ನಡುವೆ ಬರುವ ಹಾಗೆ ಹಳಿಯ ಉದ್ದಕ್ಕೆ ಇಡಿ. ಸಂದಿಗೆ ಫೀಲರ್ ಗೇಜ್ ತೂರಿಸಿ ಆಳ ನೋಡಿ. ಉದ್ದ, ಅಗಲ, ಆಳ ಮೂರನ್ನೂ ಮಿಲಿಮೀಟರಿನಲ್ಲಿ ಬರೆಯಿರಿ. "ಸ್ವಲ್ಪ ಗುಳಿ", "ದೊಡ್ಡ ಗುಳಿ" ಅಂತ ಬರೆದರೆ ಮುಂದಿನ ತಿಂಗಳು ಬಂದವರಿಗೆ ಅದು ಬೆಳೆದಿದೆಯಾ ಇಲ್ಲವಾ ಅಂತ ಗೊತ್ತಾಗುವುದಿಲ್ಲ. 60 ಕಿಲೋ ಹಳಿಯ ನೆತ್ತಿ 72 ಮಿ.ಮೀ. ಅಗಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗುಳಿ ಎಷ್ಟು ಭಾಗ ತಿಂದಿದೆ ಅಂತ ಅಂದಾಜು ಸಿಗುತ್ತದೆ.

ಆಮೇಲೆ ಸೀಳು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ. ಗುಳಿಯ ತಳದಲ್ಲಿ ಹಳಿಗೆ ಅಡ್ಡಲಾಗಿ ಗೆರೆ ಇದೆಯಾ? ನೆತ್ತಿಯ ಪಕ್ಕದಲ್ಲಿ, ಕೆನ್ನೆಯ ಕೆಳಗೆ ಕನ್ನಡಿ ಹಿಡಿದು ನೋಡಿ. ಅಲ್ಲಿ ತುಕ್ಕು ಸೋರಿದ ಕೆಂಪು ಗೆರೆ ಕಂಡರೆ ಒಳಗೆ ಸೀಳಿದೆ, ಅದಕ್ಕೆ ನೀರು ಹೋಗಿ ಬರುತ್ತಿದೆ ಅಂತ ಅರ್ಥ. ಗುಳಿಯ ಕೆಳಗಿನ ಸ್ಲೀಪರನ್ನೂ, ಅಂದರೆ ಹಳಿ ಹೊತ್ತ ಅಡ್ಡದಿಮ್ಮಿಯನ್ನೂ, ನೋಡಿ. ಗಾಡಿ ಹೋಗುವಾಗ ಸ್ಲೀಪರ್ ಕುಣಿಯುತ್ತಿದ್ದರೆ, ಜಲ್ಲಿ ಪುಡಿಯಾಗಿ ಬಿಳಿ ಹಿಟ್ಟು ಕಂಡರೆ, ಗುಳಿ ಅಲ್ಲಿ ಬಹಳ ದಿನದಿಂದ ಬಡಿಯುತ್ತಿದೆ. ಗಾಲಿ ಗುಳಿಗೆ ಇಳಿದು ಏಳುವಾಗ ಸುತ್ತಿಗೆ ಪೆಟ್ಟಿನ ಹಾಗೆ ಬೀಳುತ್ತದೆ, ಕೆಳಗಿನ ಜಲ್ಲಿ ಹಾಳಾಗುತ್ತದೆ, ಜಲ್ಲಿ ಹಾಳಾದಷ್ಟೂ ಹಳಿ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಸೀಳು ಬೆಳೆಯುತ್ತದೆ.

ಯುಎಸ್‌ಎಫ್‌ಡಿಯವರು ಬಂದು ಹೋಗಿದ್ದಾರೆ, ಏನೂ ಹೇಳಿಲ್ಲ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಯುಎಸ್‌ಎಫ್‌ಡಿ ಅಂದರೆ ಹಳಿಯೊಳಗೆ ಶಬ್ದದ ಅಲೆ ಕಳಿಸಿ ಒಳಗಿನ ಸೀಳು ಹಿಡಿಯುವ ಯಂತ್ರ. ಅದು ಕೆಲಸ ಮಾಡಬೇಕಾದರೆ ಪ್ರೋಬ್ ಹಳಿಗೆ ಅಂಟಿಕೊಂಡಿರಬೇಕು. ಗುಳಿಯ ಮೇಲೆ ಪ್ರೋಬ್ ಸರಿಯಾಗಿ ಕೂರುವುದಿಲ್ಲ. ಮೇಲಿನ ಚಕ್ಕೆಯಲ್ಲಿ ನೆತ್ತಿಗೆ ಸಮನಾಗಿ ಮಲಗಿದ ಸೀಳಿದ್ದರೆ ಅಲೆ ಅಲ್ಲಿಂದಲೇ ವಾಪಸ್ ಬಂದು, ಕೆಳಗಿನ ದೊಡ್ಡ ಸೀಳು ನೆರಳಿನಲ್ಲಿ ಉಳಿದುಬಿಡುತ್ತದೆ. ಮುಖ್ಯವಾಗಿ ನೋಡಬೇಕಾದ ಜಾಗವೇ ಯಂತ್ರಕ್ಕೆ ಮಬ್ಬು. ಆದ್ದರಿಂದ ಗುಳಿ ಇರುವ ಜಾಗ ಅಂತ ಪರೀಕ್ಷೆಯವರಿಗೆ ಮೊದಲೇ ಹೇಳಿ, ಅಲ್ಲಿ ನಿಧಾನವಾಗಿ, ಕೈಯಿಂದ ನೋಡಲು ಕೇಳಿ.

5. ಗಾಡಿ ನಿಲ್ಲಿಸಬೇಕಾ?

ಬರೀ ಗುಳಿ, ಸೀಳು ಕಾಣುತ್ತಿಲ್ಲ: ನಿಲ್ಲಿಸುವ ಅಗತ್ಯ ಇಲ್ಲ, ಗುರುತು ಹಾಕಿ ಇವತ್ತೇ ವರದಿ ಮಾಡಿ.

ಅಡ್ಡ ಸೀಳು ಕಾಣುತ್ತಿದೆ, ಕೆನ್ನೆಯಲ್ಲಿ ತುಕ್ಕಿನ ಗೆರೆ ಇದೆ, ಒಂದು ತುಂಡು ಎದ್ದು ಹೋಗಿದೆ ಅಥವಾ ಹಳಿ ತುಂಡಾಗಿಯೇ ಬಿಟ್ಟಿದೆ: ಯಾರನ್ನೂ ಕೇಳುತ್ತಾ ಕೂರಬೇಡಿ. ಲೈನಿಗೆ ರಕ್ಷಣೆ ಕೊಡಿ. ಬ್ರಾಡ್ ಗೇಜಿನಲ್ಲಿ ಅಡಚಣೆಯಿಂದ 600 ಮೀಟರಿಗೆ ಒಂದು ಡಿಟೋನೇಟರ್, 1200 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು. ಡಿಟೋನೇಟರ್ ಅಂದರೆ ಹಳಿಗೆ ಕಟ್ಟುವ ಪಟಾಕಿ, ಗಾಲಿ ಹತ್ತಿದರೆ ಸಿಡಿದು ಪೈಲಟ್‌ಗೆ ಎಚ್ಚರ ಕೊಡುತ್ತದೆ. ಒಂಟಿ ಲೈನಾದರೆ ಎರಡೂ ಕಡೆ ಕಟ್ಟಬೇಕು, ಮೊದಲು ಯಾವ ಕಡೆಯಿಂದ ಗಾಡಿ ಬರುವ ಹಾಗಿದೆಯೋ ಆ ಕಡೆ. ಓಡುವಾಗಲೇ ಕೆಂಪು ಬಾವುಟ ಬಿಚ್ಚಿ ಹಿಡಿದಿರಿ. ಇದನ್ನೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ, ಆದರೆ "ಸುಮ್ನೆ ಗಾಡಿ ನಿಲ್ಲಿಸಿ ಬೈಸಿಕೊಂಡರೆ?" ಅನ್ನುವ ಅಳುಕು ಹೊಸಬರಿಗೆ ಇದ್ದೇ ಇರುತ್ತದೆ. ಬೈಸಿಕೊಳ್ಳಿ.

6. ವರದಿ ಹೀಗೆ ಮಾಡಿ

ಜಾಗ ಹೇಳುವಾಗ "ಸೇತುವೆ ಹತ್ತಿರ", "ಆಲದ ಮರದ ಆಚೆ" ಬೇಡ. ಕಿಲೋಮೀಟರ್, ವಿದ್ಯುತ್ ಕಂಬದ ನಂಬರ್, ಯಾವ ಲೈನು, ಎಡಹಳಿಯೋ ಬಲಹಳಿಯೋ ಎಲ್ಲ ಬೇಕು. ಎಡ ಬಲ ಅನ್ನುವುದು ಕಿಲೋಮೀಟರ್ ಏರುವ ದಿಕ್ಕಿಗೆ ಮುಖ ಮಾಡಿ ನಿಂತಾಗಿನ ಎಡ ಬಲ ಅಂತ ನೀವು ಬರೆದೇ ಬಿಡಿ, ಜಗಳ ಇರುವುದಿಲ್ಲ. ಹಳಿಯ ಹೊಟ್ಟೆ ಮೇಲೆ, ಅಂದರೆ ತಲೆಗೂ ಪಾದಕ್ಕೂ ನಡುವಿನ ಭಾಗದಲ್ಲಿ, ಬಣ್ಣದ ಗುರುತು ಹಾಕಿ. ನೆತ್ತಿ ಮೇಲೆ ಹಾಕಿದ ಗುರುತು ಮುಂದಿನ ಗಾಡಿಗೆ ಅಳಿಸಿಹೋಗುತ್ತದೆ.

ವರದಿ ಇಷ್ಟೇ ಉದ್ದ ಇರಲಿ: "ಇಂಥ ಕಿ.ಮೀ., ಇಂಥ ಕಂಬ, ಡೌನ್ ಲೈನ್, ಎಡಹಳಿ ಬಲಹಳಿ ಎರಡರಲ್ಲೂ ಎದುರುಬದುರು ವೀಲ್ ಬರ್ನ್, ಒಟ್ಟು ಮೂರು ಜೋಡಿ. ಅತಿ ದೊಡ್ಡದು 90 ಉದ್ದ, 40 ಅಗಲ, 2 ಆಳ. ಸೀಳು ಕಾಣಲಿಲ್ಲ. ಜಾಗ ಏರು ಮತ್ತು ತಿರುವು. ಹಳಿ ಮೇಲೆ ಗ್ರೀಸ್ ಇತ್ತು." ಮೇಟ್‌ಗೆ, ಅಂದರೆ ಗ್ಯಾಂಗಿನ ಮುಖ್ಯಸ್ಥರಿಗೆ, ಬಾಯಲ್ಲಿ ಹೇಳಿ, ಡೈರಿಯಲ್ಲಿ ಬರೆದು, ಜೆಇ ಅಥವಾ ಎಸ್‌ಎಸ್‌ಇಗೆ (ಸೀನಿಯರ್ ಸೆಕ್ಷನ್ ಇಂಜಿನಿಯರ್) ತಲುಪಿತಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಯುಎಸ್‌ಎಫ್‌ಡಿಯಲ್ಲಿ ಒಳಸೀಳು ಸಿಕ್ಕರೆ ಹಳಿ ಮೇಲೆ ಕೆಂಪು ಇಂಟು ಗುರುತು ಬರುತ್ತದೆ. ಒಂದು ಇಂಟು ಗುರುತು ಇದ್ದರೆ ಓಬಿಎಸ್, ಅಂದರೆ ಕಣ್ಣಿಟ್ಟಿರಬೇಕಾದ ಹಳಿ. ಮೂರು ಇಂಟು ಇದ್ದರೆ ಐಎಂಆರ್, ತಕ್ಷಣ ತೆಗೆಯಬೇಕಾದ ಹಳಿ, ಅಲ್ಲಿ ತೆಗೆಯುವ ತನಕ ವೇಗ ಇಳಿಸುತ್ತಾರೆ. ಎರಡರಲ್ಲೂ ಜಾಗಲ್ ಫಿಶ್‌ಪ್ಲೇಟ್ ಕ್ಲಾಂಪ್ ಹಾಕಿ ಕಟ್ಟುತ್ತಾರೆ. ಹಳಿಯ ಎರಡೂ ಪಕ್ಕಕ್ಕೆ ಬಿಗಿಯುವ, ನಡುವೆ ಉಬ್ಬಿದ ಪಟ್ಟಿ ಅದು, ಮುರಿದ ಕೈಗೆ ಕಟ್ಟುವ ದಬ್ಬೆಯ ಹಾಗೆ. ಕಟ್ಟುವ ತನಕ ಆ ಜಾಗ ಕೀಮನ್ ಕಣ್ಣಲ್ಲಿರಬೇಕು.

7. ದುರಸ್ತಿ: ಇಲ್ಲೇ ಜಾಸ್ತಿ ತಪ್ಪಾಗುವುದು

ಆಳ ಕಡಿಮೆ ಇದ್ದರೆ ಉಜ್ಜಿ ತೆಗೆಯುವುದು, ಅಂದರೆ ಗ್ರೈಂಡಿಂಗ್. ಆಳ ಇದ್ದು ಸೀಳು ಕೆಳಗಿಳಿಯದಿದ್ದರೆ ಕೆರೆದು ವೆಲ್ಡ್ ತುಂಬುವುದು. ಸೀಳು ಇಳಿದಿದ್ದರೆ, ಅಥವಾ ಹತ್ತಿರ ಹತ್ತಿರ ಹಲವು ಗುಳಿ ಇದ್ದರೆ, ಆ ತುಂಡನ್ನೇ ಕತ್ತರಿಸಿ ಬೇರೆ ಹಾಕುವುದು. ಯಾವುದು ಅಂತ ನಿರ್ಧಾರ ಮಾಡುವುದು ಎಸ್‌ಎಸ್‌ಇ ಕೆಲಸ, ಮಿತಿಗಳು ಆಗಾಗ ತಿದ್ದುಪಡಿ ಆಗುತ್ತಿರುತ್ತವೆ, ಚಾಲ್ತಿಯಲ್ಲಿರುವ ಮ್ಯಾನುಯಲ್ ನೋಡಿಯೇ ಮಾಡಬೇಕು. ನಾನು ಹೇಳುವುದು ಕೈಕೆಲಸದಲ್ಲಿ ಆಗುವ ಎಡವಟ್ಟುಗಳನ್ನು.

ಒಂದು, ಗುಳಿ ಸಮ ಆಯಿತು ಅಂತ ಗ್ರೈಂಡಿಂಗ್ ನಿಲ್ಲಿಸುವುದು. ಗುಳಿ ಹೋದರೂ ತಳದ ಗಟ್ಟಿ ಪದರ ಉಳಿದಿರಬಹುದು. ಒಂದು ಹಳೆ ಅರ ತೆಗೆದುಕೊಂಡು ಉಜ್ಜಿ ನೋಡಿ. ಮಾಮೂಲಿ ಹಳಿಯ ಮೇಲೆ ಅರ ಕಚ್ಚುತ್ತದೆ, ಪುಡಿ ಬರುತ್ತದೆ. ಮಾರ್ಟೆನ್ಸೈಟ್ ಮೇಲೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತದೆ. ಜಾರಿದರೆ ಇನ್ನೂ ತೆಗೆಯಬೇಕು. ಆಮೇಲೆ ಕೆಂಪು ದ್ರಾವಣ ಹಾಕಿ ಒರೆಸಿ ಬಿಳಿ ಪುಡಿ ಸಿಂಪಡಿಸುವ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿ. ಸೀಳು ಉಳಿದಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಗೆರೆ ಪೂರ್ತಿ ಹೋಗುವ ತನಕ ವೆಲ್ಡ್ ಮಾತೇ ಬೇಡ.

ಎರಡು, ಬೇಗ ಮುಗಿಸಬೇಕು ಅಂತ ಗ್ರೈಂಡಿಂಗ್ ಕಲ್ಲನ್ನು ಒತ್ತಿ ಹಿಡಿಯುವುದು. ಬ್ಲಾಕ್ ಸಮಯ, ಅಂದರೆ ಕೆಲಸಕ್ಕಾಗಿ ಗಾಡಿ ನಿಲ್ಲಿಸಿ ಕೊಡುವ ಹೊತ್ತು, ಕಡಿಮೆ ಸಿಗುತ್ತದೆ, ಒತ್ತಡ ಇರುತ್ತದೆ, ಎಲ್ಲ ಗೊತ್ತು. ಆದರೆ ಒತ್ತಿ ಹಿಡಿದರೆ ಹಳಿ ನೀಲಿ ಆಗುತ್ತದೆ. ನೀಲಿ ಆಯಿತು ಅಂದರೆ ಇಂಜಿನ್ ಮಾಡಿದ ಕೆಲಸವನ್ನೇ ನೀವು ಮಾಡಿದಿರಿ, ಮತ್ತೆ ಕಾಯಿಸಿ ಮತ್ತೆ ಅದ್ದಿದ ಹಾಗೆ. ಕಲ್ಲನ್ನು ಆಡಿಸುತ್ತಾ ಹಗುರಾಗಿ ತೆಗೆಯಿರಿ.

ಮೂರು, ಎಲ್ಲಕ್ಕಿಂತ ಕೆಟ್ಟದ್ದು, ತಣ್ಣನೆ ಹಳಿ ಮೇಲೆ ಸಿಕ್ಕಿದ ಎಲೆಕ್ಟ್ರೋಡಿನಿಂದ ಗುಳಿ ತುಂಬುವುದು. ಗೇಟಿನ ಕಬ್ಬಿಣಕ್ಕೆ ಅದು ನಡೆಯುತ್ತದೆ, ಹಳಿಗಲ್ಲ. ಹಳಿಯ ಉಕ್ಕಿನಲ್ಲಿ ಇಂಗಾಲ ಶೇ. 0.6ರಿಂದ 0.8ರಷ್ಟು ಇರುತ್ತದೆ, ಅಷ್ಟಿರುವುದಕ್ಕೇ ಅದು ಗಟ್ಟಿ, ಅಷ್ಟಿರುವುದಕ್ಕೇ ಬೇಗ ಹದ ತಪ್ಪುತ್ತದೆ. ವೆಲ್ಡ್ ಬಿಂದು ಕಾಯುತ್ತದೆ, ಸುತ್ತಲಿನ ತಣ್ಣನೆ ಉಕ್ಕು ಅದನ್ನು ಹೀರುತ್ತದೆ, ವೆಲ್ಡಿನ ಕೆಳಗೆ ಮತ್ತೆ ಮಾರ್ಟೆನ್ಸೈಟ್. ಮೇಲೆ ನುಣ್ಣಗೆ, ಒಳಗೆ ಮೊದಲಿಗಿಂತ ಅಪಾಯ, ಕಣ್ಣಿಗೂ ಕಾಣದು. ಸರಿಯಾದ ಕ್ರಮ ಅಂದರೆ ಹಳಿಯನ್ನು ಮೊದಲೇ 250 ಡಿಗ್ರಿಗೂ ಮೇಲೆ ಬಿಸಿ ಮಾಡಿ, ಬಿಸಿ ಎಷ್ಟಾಯಿತು ಅಂತ ತಾಪ ತೋರಿಸುವ ಸೀಮೆಸುಣ್ಣದಿಂದ ಗೀಚಿ ನೋಡಿ, ಒಪ್ಪಿಗೆ ಇರುವ ಎಲೆಕ್ಟ್ರೋಡ್ ಬಳಸಿ, ಆಮೇಲೆ ನಿಧಾನವಾಗಿ ಆರಲು ಬಿಡುವುದು. ಮಳೆ ಬರುತ್ತಿದ್ದರೆ ಮಾಡಲೇಬೇಡಿ. ಪರವಾನಗಿ ಇಲ್ಲದ ವೆಲ್ಡರ್ ಕೈಯಲ್ಲಿ ಕೊಡಬೇಡಿ.

ದುರಸ್ತಿ ಮುಗಿದ ಮೇಲೆ ಆ ಸ್ಲೀಪರ್‌ಗಳ ಕೆಳಗೆ ಜಲ್ಲಿ ಪ್ಯಾಕ್ ಮಾಡಿ. ಹಳಿ ಸರಿ ಮಾಡಿ ತಳ ಟೊಳ್ಳು ಬಿಟ್ಟರೆ ಅಲ್ಲಿ ಬಡಿತ ನಿಲ್ಲುವುದಿಲ್ಲ.

8. ಇಂಜಿನ್ ಓಡಿಸುವವರಿಗೆ

ಮೊದಲು ಸಣ್ಣ ಲೆಕ್ಕ. ಒಣ ಹಳಿ ಮೇಲೆ ಗಾಲಿಯ ಹಿಡಿತ ತೂಕದ ಶೇ. 35ರ ಹತ್ತಿರ ಸಿಗುತ್ತದೆ ಅಂದುಕೊಳ್ಳಿ. 132 ಟನ್ ಇಂಜಿನ್ 46 ಟನ್ ಎಳೆತ ಕೊಡಬಲ್ಲದು. ಒದ್ದೆ ಹಳಿಯಲ್ಲಿ ಶೇ. 15ಕ್ಕೆ ಇಳಿದರೆ 20 ಟನ್ ಅಷ್ಟೇ. ಈಗ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ನೆನಪಿಸಿಕೊಳ್ಳಿ. 55 ಕಿ.ಮೀ., 57 ಸುರಂಗ, 50ಕ್ಕೆ 1 ಏರು. 1000 ಟನ್ ಗಾಡಿಯನ್ನು ಆ ಏರಿನಲ್ಲಿ ತಡೆದು ಹಿಡಿಯಲು ಮಾತ್ರವೇ 20 ಟನ್ ಬೇಕು. ತಿರುವಿನ ಎಳೆತ, ಹೊರಡುವ ಎಳೆತ ಎಲ್ಲ ಬೇರೆ. ಕುಲೆಂನಿಂದ ಕ್ಯಾಸಲ್‌ರಾಕ್‌ಗೆ ಏರುವ ಕಡೆ 37ಕ್ಕೆ 1, ಅಲ್ಲಿ 27 ಟನ್. ಬ್ಯಾಂಕರ್, ಅಂದರೆ ಹಿಂದಿನಿಂದ ತಳ್ಳುವ ಇಂಜಿನ್, ಅಲ್ಲಿ ಯಾಕೆ ಬೇಕು ಅಂತ ಈ ಲೆಕ್ಕವೇ ಹೇಳುತ್ತದೆ.

ಜೋರು ಮಳೆಗಿಂತ ಮೊದಲ ಹನಿಗೆ ಹೆದರಿ. ಜೋರು ಮಳೆ ಹಳಿ ತೊಳೆಯುತ್ತದೆ. ಮೊದಲ ಹನಿ, ಮಂಜು, ಸುರಂಗದೊಳಗಿನ ಜಿನುಗು ಇವೆಲ್ಲ ಹಳಿ ಮೇಲಿನ ಧೂಳು, ತುಕ್ಕು, ಎಣ್ಣೆ ಜತೆ ಸೇರಿ ಲೋಳೆ ಆಗುತ್ತವೆ. ಗಾಲಿಗೆ ಸಿಕ್ಕಿ ಅರೆದುಹೋದ ಎಲೆಯೂ ಹಾಗೇ.

ಏರಿನಲ್ಲಿ ನಿಂತ ಗಾಡಿ ಹೊರಡಿಸುವಾಗ ಬ್ರೇಕ್ ಕೊನೆ ವ್ಯಾಗನ್ ತನಕ ಪೂರ್ತಿ ಬಿಟ್ಟಿದೆಯಾ ನೋಡಿ. ಬ್ರೇಕ್ ಪೈಪ್‌ನಲ್ಲಿ ಒತ್ತಡ 5 ಕೆ.ಜಿ. ಆಗುವ ಮೊದಲೇ ಎಳೆಯುವುದು, ಯಾವುದೋ ವ್ಯಾಗನ್ನಿನ ಹ್ಯಾಂಡ್ ಬ್ರೇಕ್ ಬಿಗಿದೇ ಇರುವುದು, ಜಾರಲು ಇವೇ ಮಾಮೂಲಿ ಕಾರಣ. ನಾಚ್ ಒಂದೊಂದಾಗಿ ಏರಿಸಿ. ಎಳೆಯುವಾಗ ಇಂಜಿನ್ ಮೂಗು ಎತ್ತಿದ ಹಾಗಾಗಿ ಮುಂದಿನ ಆಕ್ಸಲ್ ಮೇಲೆ ಭಾರ ಕಡಿಮೆ ಆಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಅದೇ ಮೊದಲು ಜಾರುವುದು.

ಗಾಲಿಗೆ ಹಿಡಿತ ಸಿಗಲಿ ಅಂತ ಇಂಜಿನ್ನಿನಿಂದ ಹಳಿ ಮೇಲೆ ಬಿಡುವ ಮರಳನ್ನು ಜಾರುವ ಮೊದಲು ಹಾಕಿ. ಜಾರಿತು ಅಂದರೆ ಮೊದಲು ನಾಚ್ ಇಳಿಸಿ, ಗಾಲಿ ಹಿಡಿಯಲಿ, ಆಮೇಲೆ ಮರಳು, ಆಮೇಲೆ ಮತ್ತೆ ನಾಚ್. ಗಿರಗಿರ ತಿರುಗುತ್ತಿರುವ ಗಾಲಿಗೆ ಮರಳು ಸುರಿದರೆ ತಟ್ಟನೆ ಕಚ್ಚಿ ಗೇರ್‌ಗೆ, ಆಕ್ಸಲ್‌ಗೆ ಪೆಟ್ಟು. ಹೊರಡುವ ಮೊದಲು ಮರಳಿನ ಪೆಟ್ಟಿಗೆ ನೋಡಿ. ಪೆಟ್ಟಿಗೆ ತುಂಬಿರುತ್ತದೆ, ಆದರೆ ಮರಳು ಒದ್ದೆಯಾಗಿ ಗಟ್ಟಿ ಕಟ್ಟಿರುತ್ತದೆ, ಕೊಳವೆ ಹಳಿ ಕಡೆ ಇರದೆ ಜಲ್ಲಿ ಕಡೆ ತಿರುಗಿರುತ್ತದೆ. ಪಾಯಿಂಟ್‌ಗಳ (ಗಾಡಿ ಲೈನ್ ಬದಲಿಸುವ ಜಾಗ) ಮೇಲೆ ಮರಳು ಬಿಡಬೇಡಿ. ಎಲ್ಲ ಕಡೆ ಸುಮ್ನೆ ಸುರಿಯುತ್ತಾ ಹೋದರೆ ಗಾಲಿಗೂ ಹಳಿಗೂ ನಡುವೆ ವಿದ್ಯುತ್ ಸಂಪರ್ಕ ತಪ್ಪಿ, ಹಳಿಯಲ್ಲಿ ಕರೆಂಟ್ ಹರಿಸಿ ಗಾಡಿ ಇದೆಯಾ ಅಂತ ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್‌ಗೆ ಗಾಡಿ ಇರುವುದೇ ಗೊತ್ತಾಗದೆ ಹೋಗಬಹುದು.

ಹೊಸ ತ್ರೀ ಫೇಸ್ ಇಂಜಿನ್‌ಗಳಲ್ಲಿ ಜಾರುವುದನ್ನು ಕಂಪ್ಯೂಟರ್ ತಡೆಯುತ್ತದೆ, ನಿಜ. ಹಳೆಯ ಡಿಸಿ ಮೋಟಾರಿನ ಇಂಜಿನ್‌ಗಳಲ್ಲಿ ಒಂದು ಆಕ್ಸಲ್ ಜಾರಿತು ಅಂದರೆ ಭಾರ ಇಲ್ಲದೆ ವೇಗ ಏರುತ್ತಲೇ ಹೋಗುತ್ತಿತ್ತು. ಆದರೆ ಕಂಪ್ಯೂಟರ್ ಇದೆ ಅಂತ ಹಟ ಮಾಡಬೇಡಿ. ಗಾಲಿ ತಿರುಗುತ್ತಿದೆ, ಕಿಟಕಿಯಾಚೆಯ ಕಂಬ ಅಲ್ಲೇ ಇದೆ ಅಂದರೆ ಮುಗಿಯಿತು, ಕೈ ಇಳಿಸಿ. ಇನ್ನೊಂದು ಇಂಜಿನ್ ಕೇಳಿ. ಗಾಡಿ ತಡವಾದದ್ದಕ್ಕೆ ವಿವರಣೆ ಬರೆಯಬಹುದು. ಜಾರಿದ್ದರೆ ಕಿಲೋಮೀಟರ್ ನೋಡಿಟ್ಟುಕೊಂಡು ಮುಂದಿನ ಸ್ಟೇಷನ್‌ನಲ್ಲಿ ಹೇಳಿ. ಇದೊಂದು ಮಾತು ಹೇಳಿದರೆ ಕೀಮನ್ ಮೂರನೇ ಹಂತದಿಂದ ಶುರು ಮಾಡಬಹುದು.

9. ಅಲ್ಲೇ ಯಾಕೆ?

ಗುಳಿ ದುರಸ್ತಿ ಆಯಿತು, ಮತ್ತೆ ಆರು ತಿಂಗಳಿಗೆ ಅದೇ ಜಾಗದಲ್ಲಿ ಹೊಸ ಗುಳಿ. ಹಾಗಿದ್ದರೆ ಆ ಜಾಗದಲ್ಲೇ ಏನೋ ಇದೆ. ಏರಿನ ಮಧ್ಯೆ ಸಿಗ್ನಲ್ ಇದ್ದು ಗಾಡಿಗಳು ಅಲ್ಲೇ ನಿಂತು ಹೊರಡುತ್ತವಾ? ಚರಂಡಿ ಕಟ್ಟಿಕೊಂಡು ನೀರು ಹಳಿ ಮೇಲೆ ಬರುತ್ತಿದೆಯಾ? ಪಕ್ಕದ ಮರದ ಎಲೆ ಉದುರುತ್ತಿದೆಯಾ?

ಒಂದು ಕಾರಣ ಮಾತ್ರ ನಮ್ಮವರು ಒಪ್ಪಿಕೊಳ್ಳುವುದೇ ಇಲ್ಲ: ಗ್ರೀಸ್. ತಿರುವಿನಲ್ಲಿ ಹಳಿ ಸವೆಯದಿರಲಿ ಅಂತ ಹೊರಹಳಿಯ ಒಳಕೆನ್ನೆಗೆ ಗ್ರೀಸ್ ಹಚ್ಚುತ್ತೇವೆ. ಹಚ್ಚಬೇಕಾದದ್ದೇ. ಆದರೆ ಜಾಸ್ತಿ ಆದರೆ ಗಾಲಿ ಅದನ್ನು ನೆತ್ತಿ ಮೇಲೆ ಎಳೆದುಕೊಂಡು ಹೋಗುತ್ತದೆ. ನಾನು ಕೆಲಸ ಮಾಡಿದ ಒಂದು ಘಾಟಿಯಲ್ಲಿ ಎರಡು ಮಳೆಗಾಲ ಇಂಜಿನ್‌ನವರನ್ನು ಬೈದೆವು. ಆಮೇಲೆ ನೋಡಿದರೆ ಗುಳಿಗಳೆಲ್ಲ ನಾವು ಗ್ರೀಸ್ ಹಚ್ಚಿದ ತಿರುವು ಮುಗಿಯುವಲ್ಲೇ ಇದ್ದವು. ಬೆರಳಿಂದ ನೆತ್ತಿ ಮುಟ್ಟಿ ನೋಡಿ, ಜಿಡ್ಡು ಅಂಟಿದರೆ ಮೊದಲು ಅದನ್ನು ಒರೆಸಿ.

ಎಲ್ಲ ಆದ ಮೇಲೆ ಆ ಜಾಗಕ್ಕೆ ಗಾಡಿ ಹೋಗುವಾಗ ಒಮ್ಮೆ ದೂರ ನಿಂತು ಕಿವಿಗೊಡಿ. ಗಾಲಿಗಳು ಒಂದೇ ಸಮನೆ ಉರುಳುವ ಸದ್ದಿನ ನಡುವೆ ಒಂದೇ ಜಾಗದಲ್ಲಿ ಇನ್ನೂ ಟಕ್ ಟಕ್ ಕೇಳುತ್ತಿದ್ದರೆ ಕೆಲಸ ಮುಗಿದಿಲ್ಲ, ಸ್ಟ್ರೈಟ್ ಎಡ್ಜ್ ಮತ್ತೆ ಹೊರಗೆ ತೆಗೆಯಿರಿ.